ಟೀಚರ್ ಆಡಿದ ಗುಂಡಿನ ಆಟ

ಕಳೆದ ತಿಂಗಳು ಆಫೀಸಿನ ಕಪಾಟು ಖಾಲಿ ಮಾಡುವಾಗ ಸುತ್ತಿಟ್ಟ ಹಳೆಯ ನೀಲಿ ಕೇಬಲೊಂದು ಸಿಕ್ಕಿತು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವಂಥದ್ದು. ಪುತ್ತೂರಿನ ಆ ಕಂಪ್ಯೂಟರ್ ಸೆಂಟರ್, ಅಲ್ಲಿನ ಟೀಚರ್ ನೆನಪಾದರು… ಇಪ್ಪತ್ತು ವರ್ಷಗಳ ಮೇಲಾಯಿತು.

ಟೀಚರ್ ಈಶ್ವರಮಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಡ ದುಬೈಯಲ್ಲಿ. ಮನೆಯವರನ್ನು ಒಪ್ಪಿಸಿ ಕಂಪ್ಯೂಟರ್ ಕಲಿತು, ಕಲಿಸುವ ಕೆಲಸವನ್ನೂ ಹಿಡಿದಿದ್ದರು. "ಮನೆಯಲ್ಲಿ ನನ್ನನ್ನು ಟೀಚರ್ ಅಂತ ಯಾರು ಕರೀತಾರೆ?" ಎಂದು ಒಮ್ಮೆ ನಕ್ಕಿದ್ದರು.

ನಾನು ಬೆಟ್ಟಂಪಾಡಿಯವಳು, ಡಿಗ್ರಿ ಮುಗಿಸಿ ಅಲ್ಲಿ ಕಲಿಯಲು ಸೇರಿದ್ದೆ. ಮಂಗಳೂರಿನಲ್ಲಿದ್ದ ಅಣ್ಣನಿಂದ ಗುಂಡು ಹಾರಿಸುವ ಆಟವೊಂದರ ಸಿಡಿ ತಂದೆ. ಕಂಪ್ಯೂಟರುಗಳನ್ನು ಜೋಡಿಸಿದರೆ ನಾಲ್ವರು ಒಂದೇ ಕೋಟೆಯೊಳಗೆ ಓಡಾಡಿ ಒಬ್ಬರನ್ನೊಬ್ಬರು ಬೇಟೆಯಾಡಬಹುದು. ಸತ್ತವರು ಮರುಕ್ಷಣ ಇನ್ನೊಂದು ಮೂಲೆಯಲ್ಲಿ ಎದ್ದು ಬರುತ್ತಾರೆ. ಟೀಚರ್ ಮೊದಲು ಬೇಡವೆಂದರು. ಆಮೇಲೆ ಊಟದ ಹೊತ್ತಿನಲ್ಲಿ ಬಾಗಿಲು ಓರೆ ಮಾಡಿ ಅವರೇ ನನ್ನನ್ನೂ ಇನ್ನಿಬ್ಬರು ಗೆಳತಿಯರನ್ನೂ ಕರೆಯತೊಡಗಿದರು. ನಾವು ಸುಮ್ಮನೆ ಓಡಿ ಸಾಯುತ್ತಿದ್ದೆವು. ಅವರು ಹೆಡ್‌ಫೋನ್ ಹಾಕಿಕೊಂಡು, ಕೋಟೆಯ ಮೆಟ್ಟಿಲ ಕೆಳಗೆ ಕದಲದೆ ಕಾಯುತ್ತಿದ್ದರು.

"ಎಂತ ಮಾರಾಯ್ತಿ, ಪುನಃ ಸತ್ತದ್ದಾ? ನೀನು ಬರುದು ನಂಗೆ ಕೇಳ್ತದೆ."

ಪರೀಕ್ಷೆಯ ಹಿಂದಿನ ವಾರ ಕಂಪ್ಯೂಟರುಗಳಿಗೆ ವೈರಸ್ ಬಂತು. ಎಲ್ಲರ ಪ್ರಾಜೆಕ್ಟುಗಳೂ ಅಳಿಸಿಹೋದವು. ಸೆಂಟರಿನ ಯಜಮಾನರು ಡ್ರೈವಿನಲ್ಲಿದ್ದ ಆಟದ ಸಿಡಿ ತೆಗೆದು, ವೈರಸ್ ಬಂದದ್ದು ಇದರಿಂದಲೇ, ಇದನ್ನು ತಂದದ್ದು ಯಾರೆಂದು ಕೇಳಿದರು. ನಾನು ಸುಮ್ಮನೆ ನಿಂತೆ. ಟೀಚರ್ ನನ್ನತ್ತ ನೋಡಲಿಲ್ಲ.

"ನಾನೇ ಹಾಕಿದ್ದು ಸರ್," ಎಂದರು.

ಅವರು ಮರುದಿನದಿಂದ ಬರುವುದು ಬೇಡ ಎಂದಾಯಿತು.

ಬಸ್‌ಸ್ಟ್ಯಾಂಡಿನವರೆಗೆ ಅವರ ಹಿಂದೆಯೇ ಹೋದೆ. "ನಿನ್ನ ಪರೀಕ್ಷೆ ಆಗ್ಲಿ. ನಂಗೆ ಬೇರೆ ಕಡೆ ಸಿಗ್ತದೆ," ಎಂದು ಬಸ್ಸು ಹತ್ತಿದರು. ನಾನು ಅದನ್ನೇ ನಂಬಿದೆ. ನಂಬುವುದು ಸುಲಭವಿತ್ತು… ಅಲ್ಲಿನ ಸರ್ಟಿಫಿಕೇಟಿನಿಂದಲೇ ನನಗೆ ಈ ಕೆಲಸ ಸಿಕ್ಕಿತು. ಅವರನ್ನು ಕಾಣಲು ಹೋಗುವುದನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡಿದೆ.

ಮೊನ್ನೆ ಈಶ್ವರಮಂಗಲಕ್ಕೆ ಹೋದೆ. ವಿಚಾರಿಸುತ್ತಾ ಹೋದಾಗ ಮನೆ ಸಿಕ್ಕಿತು. ಮಗಳು ಬಾಗಿಲು ತೆರೆದಳು. ಟೀಚರ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವರೇ ನನಗೆ ಕಂಪ್ಯೂಟರ್ ಕಲಿಸಿದ್ದು ಎಂದೆ.

"ಉಮ್ಮ ಕಂಪ್ಯೂಟರ್ ಕಲಿಸ್ತಿದ್ರಾ? ನಮಗೆ ಹೇಳಿಯೇ ಇಲ್ಲ."

ಬೇರೆ ಕಡೆ ಕೆಲಸ ಸಿಕ್ಕಿರಲಿಲ್ಲ ಎಂದು ಆಗ ತಿಳಿಯಿತು. ಸಿಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿದಳು. ಆಮೇಲೆ, "ಉಮ್ಮ ಚೆಂದ ಆಡ್ತಿದ್ರಾ?" ಎಂದಳು.

"ಅವರನ್ನು ಸೋಲಿಸ್ಲಿಕ್ಕೆ ನಮ್ಮಿಂದ ಒಂದು ಸಲವೂ ಆಗಿಲ್ಲ."

ಟೀಚರ್ ಹತ್ತಿರ ಕೇಳಬೇಕಿದ್ದ ಕ್ಷಮೆಯನ್ನು ಅವಳ ಹತ್ತಿರ ಕೇಳಿದೆ. ಚಾ ಮಾಡಿ ತರುತ್ತೇನೆಂದು ಅವಳು ಒಳಗೆ ಹೋದಳು.