ಟಿಕೋಟಾದ ಅಕ್ಕಾರ ಹಾರ್ಡ್ ಡಿಸ್ಕ್

ನಿನ್ನೆ ನನ್ನ ಎಡಿಟಿಂಗ್ ಕಂಪ್ಯೂಟರ್ ಬಿಚ್ಚಿ ಧೂಳು ತಗ್ಯಾಕತ್ತಿದ್ದೆ. ಪ್ರೊಸೆಸರ್ ಮ್ಯಾಲಿನ ಫ್ಯಾನ್ ಎತ್ತಿದ ಕೂಡ್ಲೇ ಕಾದ ಧೂಳಿನ ವಾಸನಿ ಮುಖಕ್ಕ ಬಡೀತು. ಅಷ್ಟ ನೋಡ್ರಿ... ಬ್ರಷ್ ಕೆಳಗಿಟ್ಟೆ. ಟಿಕೋಟಾದ ಅಕ್ಕಾರು ನೆನಪಾದ್ರು.

ನಾ ನೆಟ್‌ನ್ಯಾಗ ಹಾಕೂ ಕಂಪ್ಯೂಟರ್ ವಿಡಿಯೋ ನೋಡಿ ನೀವೆಲ್ಲಾ ನಾ ಭಾಳ ಶಾಣ್ಯಾ ಅಂತ ತಿಳ್ಕೊಂಡೀರಿ. ಇದನ್ನೂ ಓದಿ ಆಮ್ಯಾಲ ಹೇಳ್ರಿ.

ಆಗ ಸ್ಟೇಷನ್ ರಸ್ತೆದಾಗ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಅಕ್ಕಾರು ಕಂಪ್ಯೂಟರ್ ಡಬ್ಬಿ ಕೌದ್ಯಾಗ ಸುತ್ತಿ, ಬಸ್ಸಿನ್ಯಾಗ ತೊಡಿ ಮ್ಯಾಲಿಟ್ಕೊಂಡು ಟಿಕೋಟಾದಿಂದ ತಂದಿದ್ರು. ವಯಸ್ನಾಗ ನನಗಿಂತ ಸಣ್ಣವ್ರ. ಗಂಡ ಮದುವಿ ವಿಡಿಯೋ ತಗೀತಿದ್ರು, ಇವ್ರು ಮನ್ಯಾಗ ಕುಂತು ಅದನ್ನ ಕತ್ತರಿಸಿ ಜೋಡಸೂ ಮಿಕ್ಸಿಂಗ್ ಕೆಲಸ ಮಾಡ್ತಿದ್ರು. ಕನಮಡಿ ಕಡೆ ಒಂದು ಮದುವಿ ಮುಗಿಸ್ಕೊಂಡು ಬರೂ ಮುಂದ ಗಂಡನ ಗಾಡಿಗೆ ಲಾರಿ ಬಡದು... ಹೋಗಿಬಿಟ್ಟಿದ್ರು.

"ವರ್ಷದ ಕಾರ್ಯ ಹತ್ರ ಬಂತ್ರಿ ಅಣ್ಣಾರ. ಅವ್ರದೊಂದು ಐದು ನಿಮಿಷದ ವಿಡಿಯೋ ಮಾಡಬೇಕಂತ ಮಾಡೇನಿ. ಅವ್ರು ತಗದ ಮದುವಿ ವಿಡಿಯೋ ಓಡಸಿದ್ರ ನಿಂತ್ ನಿಂತ್ ಬರ್ತೈತಿ. ಮಾತು ಹರದ್ ಹರದ್ ಕೇಳಸ್ತಾವ."

ಕ್ಯಾಮೆರಾ ಹಿಂದ ನಿಂತಾಂವ ವಿಡಿಯೋದಾಗ ಎಲ್ಲಿಂದ ಬರಬೇಕು ಅಂತ ಆಗ ನನಗ ಹೊಳೀಲಿಲ್ಲ. ಡಬ್ಬಿ ಬಿಚ್ಚಿ ನಕ್ಕೆ.

"ಅಕ್ಕಾರ, ಇದು ಮುದಿ ಎತ್ತು ಆಗೇತ್ರಿ. ಎರಡು ಜಿಬಿ ರ‍್ಯಾಮಿನ್ಯಾಗ ಎಚ್‌ಡಿ ವಿಡಿಯೋ ಎಳಿ ಅಂದ್ರ ಎಲ್ಲಿ ಎಳಿತೈತಿ?"

"ಮುದಿ ಆದ್ರೂ ಇಷ್ಟ ದಿನ ನಮ್ಮನಿ ಎಳದೈತ್ರಿ" ಅಂದ್ರು.

ಎಚ್‌ಡಿ ತಡೀದಂಗ ಓಡಬೇಕಂದ್ರ ಹೊಸಾ ಪ್ರೊಸೆಸರ್, ಜಾಸ್ತಿ ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಅವ್ರು ರ‍್ಯಾಮ್ ಒಂದ ಹಾಕ್ರಿ ಅಂದು ಹೋದ್ರು. ಹಾಕಿದೆ. ಆದ್ರೂ ತಡ್ಯಾಕತ್ತಿತ್ತು. ಪಾಪ ಅನ್ನಿಸಿ, ದೊಡ್ಡ ಫೈಲಿಂದ ಸಣ್ಣ, ಹಗುರ ಕಾಪಿ ತಗ್ಯಾಕ ಕುಂತೆ. ಹಳೇ ಕಂಪ್ಯೂಟರಿನ್ಯಾಗೂ ಅವು ಸರಾಗ ಓಡ್ತಾವ. ಇನ್ನೂ ಹಗುರ ಆಗ್ಲಿ ಅಂತ ಆವಾಜ್ ತಗದುಬಿಟ್ಟೆ. ಮದುವಿ ವಿಡಿಯೋಕ್ಕ ಕಡೀಕ ಮ್ಯಾಲ ಹಾಡು ಹಾಕೂದ. ಅಲ್ಲಿನ ಗದ್ದಲ ಯಾರು ಇಟ್ಕೊತಾರ? ಡಿಸ್ಕ್ ಕಂಠಮಟ ತುಂಬಿತ್ತು. ಒಂದೊಂದು ಕಾಪಿ ಆದಂಗ ಮೂಲ ಫೈಲ್ ಅಳಿಸ್ಕೊಂತ ಹೋದೆ. ಫೋನ್ ಮಾಡಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಎರಡು ದಿನಕ್ಕ ಅಕ್ಕಾರು ಬಂದ್ರು. ನಾ ಕಾಲರ್ ಎತ್ತಿ ಓಡಿಸಿ ತೋರಿಸ್ದೆ. ಚಿತ್ರಾ ನೀರು ಹರದಂಗ ಓಡಾಕತ್ತಿತ್ತು. ಅವ್ರು ಸ್ವಲ್ಪ ನೋಡಿ, ಸ್ಪೀಕರ್ ವೈಯರ್ ಒತ್ತಿ ನೋಡಿದ್ರು.

"ಆವಾಜ್ ಬರವಲ್ದಲ್ರಿ ಅಣ್ಣಾರ?"

"ತಗದೇನ್ರಿ. ಅದಕ್ಕ ನೋಡ್ರಿ ಹೆಂಗ ಓಡಾಕತ್ತೈತಿ!"

"ಮೊದಲಿನವು?"

"ಜಾಗಾ ಇರಲಿಲ್ರಿ... ಅಳಿಸೇನಿ."

ಅಕ್ಕಾರು ಸ್ಟೂಲ್ ಮ್ಯಾಲ ಕುಂತ್ರು. ಪರದೆ ಕಡೆ ನೋಡ್ಕೊಂತ ಅಂದ್ರು: "ನಮ್ಮನಿಯವ್ರು ಯಾವ ಫೋಟೋದಾಗೂ ಸರಿಯಾಗಿ ಬಂದಿಲ್ರಿ. ಮದುವ್ಯಾಗ ಮಾತ್ರ ಕ್ಯಾಮೆರಾ ಹಿಂದ ನಿಂತು ಒಂದ ಸವನ ಮಾತಾಡ್ತಿದ್ರು... ಇತ್ತ ನೋಡ್ರಿ, ನಗ್ರಿ, ಅಂತ. ಆ ಮಾತುಗಳನ್ನ ಒಂದಕ್ಕೊಂದು ಜೋಡಸೂದಿತ್ರಿ."

ಅಳಿಸಿದ ಫೈಲ್ ವಾಪಸ್ ತಗ್ಯಾಕ ಮೂರು ದಿನ ಒದ್ದಾಡಿದೆ. ಆ ಜಾಗದಾಗ ನಾ ಮಾಡಿದ ಸಣ್ಣ ಕಾಪಿಗಳ ಬಂದು ಕುಂತಿದ್ವು. ಏನೂ ವಾಪಸ್ ಬರಲಿಲ್ಲ.

ಬೈದಿದ್ರ ಚಲೋ ಇತ್ತು. ಡಬ್ಬಿ ಕೌದ್ಯಾಗ ಸುತ್ಕೊಂತ, "ಚಿತ್ರಾ ಮಾತ್ರ ಛಂದ ಓಡ್ತಾವ ಬಿಡ್ರಿ" ಅಂದ್ರು. ಟಾಂಗ್ ಕೊಟ್ಟಿದ್ದಲ್ಲ, ನನಗ ಸಮಾಧಾನ ಆಗ್ಲಿ ಅಂತ ಅಂದಿದ್ದು. ಅದ ಇವತ್ತಿಗೂ ಚುಚ್ಚತೈತಿ.

ಆಮ್ಯಾಲ ಮಿಕ್ಸಿಂಗ್ ಬಿಟ್ಟು ಬಬಲೇಶ್ವರದ ತವರಮನಿಗೆ ಹೋದ್ರು ಅಂತ ಕೇಳಿದೆ. ಬಬಲೇಶ್ವರ ಏನು ದೂರ? ಹೋಗಿ ತಪ್ಪಾತ್ರಿ ಅನ್ನಾಕ ನನಗ ಧೈರ್ಯ ಆಗಲಿಲ್ಲ. ಈಗ ಅವ್ರು ಅಲ್ಲೂ ಇಲ್ಲಂತ... ಎಲ್ಲಿ ಅದಾರೋ.

ಆ ಕಾಪಿಗಳಾಗ ಒಂದು ನನ್ನ ಕಡೆ ಉಳದೈತಿ. ನಿನ್ನೆ ಹಾಕಿ ನೋಡಿದೆ. ಮದುಮಗಳು ಬಿಗಕೊಂಡು ಕುಂತಾಳ. ಒಮ್ಮೆಲೇ ಕ್ಯಾಮೆರಾ ಕಡೆ ನೋಡಿ ಪಕ್ಕನ ನಗತಾಳ. ಬಾಜೂಕಿನ ಮುದುಕಿನೂ ಸೆರಗು ಬಾಯಿಗೆ ಹಿಡದು ನಗತಾಳ. ಕ್ಯಾಮೆರಾ ಹಿಂದ ನಿಂತು ಅಕ್ಕಾರ ಗಂಡ ಏನೋ ಅಂದಾರ. ಏನಂದ್ರು ಅಂತ ಇನ್ನ ಯಾರಿಗೂ ಗೊತ್ತಾಗಂಗಿಲ್ಲ.