ಅತ್ತೆಯ ಬೆನ್ನಿಗೆ ಬಿದ್ದ ಗುದ್ದು

ಮೊಮ್ಮಗಳು ಹುಟ್ಟಿದ ಬೆಳಿಗ್ಗೆ ಜೋಪಡಿಯ ಮುಂದೆ ಕುಳಿತಿದ್ದೆ. ಒಬ್ಬಳು ಬಂದು "ಪೊಣ್ಣಾ, ಪೈಯನಾ?" ಎಂದಳು. ಇನ್ನೊಬ್ಬಳು "ಆಡಪಿಲ್ಲಾ, ಮಗಪಿಲ್ಲಾಡಾ?" ಮತ್ತೊಬ್ಬಳು "ಬೇಟಾ ಕಿ ಬೇಟಿ?" ಹೆಣ್ಣೋ ಗಂಡೋ ಎಂದು ಕೇಳುತ್ತಿದ್ದಾರೆಂದು ತಿಳಿಯುವಷ್ಟರಲ್ಲಿ ಖುಷಿಗೆ ನನ್ನ ಕನ್ನಡವೇ ಬಾಯಿಗೆ ಬರಲೊಲ್ಲದು. ಮುಡಿಗೆ ಹೂ ಏರಿಸುವಂತೆ ಕೈ ಮಾಡಿ ತೋರಿಸಿದೆ. ಮೂವರೂ ಹೋ ಎಂದು ನಕ್ಕರು.

ಯಲಬುರ್ಗಾ ಕಡೆಯ ನನ್ನ ಊರಿನವರೇ, ನಾನು ಎರಡನೇ ಇಯತ್ತೆ ಕಲಿತವನು, ಅದೂ ಉರ್ದು ಸಾಲೆ. ಕನ್ನಡ ಅಕ್ಷರ ಮಠದ ಕಟ್ಟೆಯ ಮೇಲೆ ಕಲಿತದ್ದು. ಈ ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿರಿ. ತುಂಗಭದ್ರೆಗೆ ಕಟ್ಟುತ್ತಿರುವ ಆಣೆಕಟ್ಟಿನಲ್ಲಿ ಮಗ ಕಲ್ಲು ಒಡೆಯುತ್ತಾನೆ. ಅವನ ಹಿಂದೆಯೇ ನಾವೂ ಬಂದೆವು. ನಮ್ಮೂರಲ್ಲಿ ಓಣಿಗೊಂದು ಜಾತಿ. ಇಲ್ಲಿ ಒಂದೇ ಸಾಲು ಜೋಪಡಿ: ಎಡಕ್ಕೆ ಸೇಲಂ ಕಡೆಯ ಮುನಿಯಮ್ಮ, ಬಲಕ್ಕೆ ಕೊಪ್ಪಳದ ಹುಸೇನಬಿ. ಊರಲ್ಲಿ ಅನ್ನ ಹಬ್ಬಕ್ಕೆ ಮಾತ್ರ. ಮುನಿಯಮ್ಮನಿಗೆ ಅದೇ ಊಟ, 'ಸೋರು' ಎನ್ನುತ್ತಾಳೆ. ತಿಂದಾಗ ರುಚಿ, ಎದ್ದರೆ ಹಸಿವು! ನಮ್ಮ ಕಟಕ ರೊಟ್ಟಿ ಕಂಡರೆ ಅವಳು, "ತಾತಾ, ಇದಕೂ ಕಲ್ಲು ಒಡೆಯೋ ಸುತ್ತಿಗೆ ಬೇಕು" ಎನ್ನುತ್ತಾಳೆ.

ತೊಟ್ಟಿಲಿಗೆ ಹಾಕಿ ಹೆಸರಿಡುವ ಮಾತು ಬಂದಾಗ ಪೇಚಿಗೆ ಸಿಕ್ಕೆವು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನಮ್ಮ ಮಗಳೋ ತಾನೇ ಬಾಣಂತಿ, ಬರುವಂತಿಲ್ಲ. ನಮ್ಮ ಮನೆಯಾಕೆ ನೀಲವ್ವ, "ಕೂಸು ಬಾಣಂತಿನ್ನ ಊರಿಗೆ ಕರಕೊಂಡು ಹೋಗ್ತೀನಿ. ಅಲ್ಲೇ ನಮ್ಮ ಕುಲದಾಕಿ ಕೈಲೆ ಹೆಸರಿಡಿಸಿ ಅಲ್ಲೇ ಇರತೇವಿ" ಎಂದಳು. ಮೊಮ್ಮಗಳಿಲ್ಲದ ಜೋಪಡಿಯಲ್ಲಿ ನಾನೇನು ಮಾಡಲಿ?

"ಹೊಕ್ಕಳಬಳ್ಳಿ ಕೊಯ್ದಾಕಿ ಮುನಿಯಮ್ಮ. ಆಕಿನ ಅತ್ತಿ ಆಗಲಿ" ಎಂದೆ.

"ಯಾವ ಊರಾಕಿನೋ, ಯಾವ ಕುಲದಾಕಿನೋ! ಮೊಮ್ಮಗಳು ಹುಟ್ಟಿ ನಿಮ್ಮ ತಲಿ ಕೆಟ್ಟೈತಿ."

"ಕೆಟ್ಟರ ಕೆಡಲಿ, ಭಾಳ ಛಲೋ ಕೆಟ್ಟೈತಿ!"

ಒಳಗಿನಿಂದ ಸೊಸೆಯ ದನಿ ಬಂತು: "ಅತ್ತೀ, ನಾ ಬ್ಯಾನಿ ತಿಂದು ಸಾಯೂ ಮುಂದ ಆಕಿ ಕುಲ ಯಾರು ಕೇಳಿದ್ರಿ?"

ನೀಲವ್ವ ಎದ್ದು ತೊಟ್ಟಿಲಿಗೆ ಹಗ್ಗ ಹುಡುಕತೊಡಗಿದಳು.

ತೊಟ್ಟಿಲಿಗೆ ಸಾಲಿನ ಹೆಂಗಸರೆಲ್ಲ ನೆರೆದರು. ಮುನಿಯಮ್ಮ ಬಗ್ಗಿ ಕೂಸಿನ ಕಿವಿಯಲ್ಲಿ "ಬಸವ್ವ" ಎಂದಳೋ ಇಲ್ಲವೋ, ನೀಲವ್ವ ಅವಳ ಬೆನ್ನಿಗೆ ಧಡ್ ಎಂದು ಗುದ್ದಿದಳು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿಯಲ್ಲವೇ? ಹುಸೇನಬಿಯೂ ಒಂದು ಹಾಕಿದಳು. ಮುನಿಯಮ್ಮನಿಗೆ ಇದನ್ನು ಹೇಳುವುದನ್ನೇ ಎಲ್ಲರೂ ಮರೆತಿದ್ದೆವು. "ಅಡಿಕ್ಕಿರಾಂಗ!" ಎಂದಳು, ಅಂದರೆ ಹೊಡೆಯುತ್ತಿದ್ದಾರೆ ಎಂದು. ಕಣ್ಣು ತುಂಬಿ, "ಬೇರೆ ಜಾತಿ ಅಂತ ಕರೆದು ಹೊಡೀತೀರಾ?" ಎಂದು ಓಡಿಹೋಗಿ ತನ್ನ ಜೋಪಡಿಯ ಬಾಗಿಲ ತಟ್ಟಿ ಎಳೆದುಕೊಂಡಳು.

ತೊಟ್ಟಿಲು ನಿಂತಿತು. ನೀಲವ್ವ ದಡಬಡಿಸಿ ಎದ್ದಳು. ಆ ತಟ್ಟಿಯ ಮುಂದೆ ಹೋಗಿ ನಿಂತು ಕೂಗಿದಳು: "ಏ ಹುಚ್ಚೀ, ಅತ್ತಿಗಷ್ಟ ಗುದ್ದತೇವಿ. ಹೊರಗಿನಾಕಿಗೆ ಯಾಕ ಗುದ್ದೂಣು? ಬಾ, ನನ್ನ ಬೆನ್ನಿಗೂ ಒಂದು ಹಾಕು!" ಎಂದು ಬೆನ್ನು ತಿರುಗಿಸಿದಳು.

ತಟ್ಟಿ ಸರಿಯಿತು, ಮುನಿಯಮ್ಮ ಗುದ್ದಿಯೇಬಿಟ್ಟಳು. ಕಲ್ಲು ಹೊತ್ತ ಕೈಯಲ್ಲವೇ, ನೀಲವ್ವ ಮುಗ್ಗರಿಸಿ ನನ್ನ ಮೇಲೇ ಬಂದು ಬಿದ್ದಳು!

"ಯವ್ವಾ, ಇಕಿ ಖರೇನ ಅತ್ತಿ ಅದಾಳ!" ಎಂದು ಹುಸೇನಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಊರಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ನಾನೊಬ್ಬನೇ ಆಗಾಗ ಜೋಳ ತರಲು ಊರಿಗೆ ಬರುತ್ತೇನೆ. ಅಲ್ಲಿಂದ ಹೊರಡುವಾಗ "ತಿರುಗಿ ಯಾವಾಗ?" ಎಂದು ನೀವು ಕೇಳುತ್ತೀರಿ. ಇಲ್ಲಿ ಬಂಡಿ ಹತ್ತುವಾಗ ಬಸವ್ವನನ್ನು ಸೊಂಟಕ್ಕೇರಿಸಿಕೊಂಡು ಮುನಿಯಮ್ಮನೂ ಅದನ್ನೇ ಕೇಳುತ್ತಾಳೆ. ಇಬ್ಬರಿಗೂ "ಲಗೂನ ಬರತೀನಿ" ಎನ್ನುತ್ತೇನೆ. ಎರಡೂ ಖರೆಯೇ.