ಮಸಿ ಹತ್ತದ ಪುಸ್ತಕ

ಬೈಲಹೊಂಗಲದ ಬಜಾರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಶಟ್ಟೆಪ್ಪನವರ ವೆಲ್ಡಿಂಗ್ ಶೆಡ್ಡಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತ ನಿಜಗುಣಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಎಳೆಬಿಸಿಲಿಗೆ ಹಿಡಿದು ಹಾಳೆ ತಿರುವುತ್ತಿದ್ದಾರೆ. ಓದುತ್ತಿಲ್ಲ, ಮೂಸುತ್ತಿದ್ದಾರೆ. ಒಂದು ಪುಟದ ಅಂಚಿನಲ್ಲಿ ಕರಿ ಹೆಬ್ಬೆಟ್ಟಿನ ಗುರುತು ಕಂಡದ್ದೇ ತಡ, ಮುಖ ಅರಳುತ್ತದೆ.

"ಎಣ್ಣಿ ವಾಸನಿ ಬಂತಂದ್ರ ಪುಸ್ತಕ ದುಡದೈತಿ ಅಂತ ತಿಳ್ಕೋರಿ" ಎನ್ನುತ್ತಾರೆ.

ಐವತ್ತರ ಆಸುಪಾಸಿನ ನಿಜಗುಣಪ್ಪನವರಿಗೆ ಅಂಗಡಿಯಿಲ್ಲ. ಒಂದು ತಗಡಿನ ಟ್ರಂಕು, ಅದನ್ನು ಹೊರುವ ಒಂದು ಹೆಗಲು, ಅಷ್ಟೇ ಬಂಡವಾಳ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ವಾರವಿಡೀ ಬಸ್ಸಿನಲ್ಲಿ ಸುತ್ತುತ್ತಾರೆ. ಕಾಲೇಜಿನಿಂದ ನೇರ ಬಂದು ಕಚೇರಿ ಸೇರಿದ ಹೊಸ ಇಂಜಿನಿಯರರಿಗೆ ಉಕ್ಕಿನ ಕಟ್ಟಡಗಳ ವಿನ್ಯಾಸದ ಪುಸ್ತಕ ಆರಿಸಿ ಕೊಡುವುದು ಅವರ ಕಸುಬು. ಯಾವ ತೊಲೆ ಎಷ್ಟು ಭಾರ ತಡೆಯುತ್ತದೆ, ಬೋಲ್ಟಿನಿಂದ ಬೋಲ್ಟಿಗೆ ಎಷ್ಟು ಅಂತರ ಬಿಡಬೇಕು ಎಂಬುದೆಲ್ಲ ಇರುವ ಪುಸ್ತಕಗಳವು. ತಮಾಷೆಯೆಂದರೆ ಅದರಲ್ಲಿ ಒಂದು ಸಾಲೂ ನಿಜಗುಣಪ್ಪನವರಿಗೆ ಅರ್ಥವಾಗುವುದಿಲ್ಲ. ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದವರು, ಎರಡೂ ಸಲ ಗಣಿತದಲ್ಲೇ.

ಮುನವಳ್ಳಿಯಲ್ಲಿ ತಂದೆಯದು ಕಾಳುಕಡಿ ಅಂಗಡಿ. ತಕ್ಕಡಿ ಹಿಡಿ ಎಂದರೆ ಮಗ ಪಾಟಿ, ಅಂಕಲಿಪಿ ಮಾರುತ್ತ ಸಾಲೆಯಿಂದ ಸಾಲೆಗೆ ಹೊರಟ. ಮಲಪ್ರಭೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿ ಜೀಪುಗಳು, ಇಂಜಿನಿಯರರು ಬಂದಿಳಿದಾಗ ಪುಸ್ತಕದವನ ದೆಸೆಯೂ ತಿರುಗಿತು. ಯಾರೋ ಸಾಹೇಬರು ಕೇಳಿದರೆಂದು ಮುಂಬಯಿಗೆ ಹೋಗಿ, ರಟ್ಟು ಚೆಂದ ಕಂಡ ಒಂದು ಪುಸ್ತಕ ತಂದುಕೊಟ್ಟರು. ಮೂರೇ ದಿನಕ್ಕೆ ಅದು ಮರಳಿ ಬಂತು. "ಇದರಾಗ ಬರೇ ಉಪದೇಶ ಐತಿ ನಿಜಗುಣಪ್ಪ, ಒಂದು ಗರ್ಡರೂ ಇಲ್ಲ" ಎಂದರಂತೆ ಸಾಹೇಬರು.

ಕಷ್ಟಗಳೇನು ಕಡಿಮೆಯಲ್ಲ. ಒಮ್ಮೆ ರಾಮದುರ್ಗದಲ್ಲಿ ಮಳೆಗೆ ಸಿಕ್ಕು ಟ್ರಂಕಿನೊಳಗೆಲ್ಲ ನೀರು. ಹೆಂಡತಿ ಸಿದ್ದಲಿಂಗವ್ವ ಹಾಳೆ ಹಾಳೆ ಬಿಡಿಸಿ ರೊಟ್ಟಿ ಹಂಚಿನ ಕಾವಿಗೆ ಒಣಗಿಸಿದರು. ಅದರಲ್ಲೊಂದನ್ನು ಕೊಂಡ ಕಿತ್ತೂರಿನ ಇಂಜಿನಿಯರು, ಲೆಕ್ಕ ಮಾಡಲು ಪುಸ್ತಕ ತೆರೆದರೆ ಹಸಿವಾಗುತ್ತದೆ ಎಂದು ಇಂದಿಗೂ ನಗುತ್ತಾರೆ.

ಅಣೆಕಟ್ಟಿನ ಸಾಹೇಬರ ಆ ಮಾತು ಕೇಳಿದ ಮೇಲೆ ನಿಜಗುಣಪ್ಪ ತಮ್ಮದೇ ಒಂದು ಪರೀಕ್ಷೆ ಕಂಡುಕೊಂಡರು. ಯಾವ ಹೊಸ ಪುಸ್ತಕ ಬಂದರೂ ಒಂದು ಪ್ರತಿ ಮೊದಲು ಶಟ್ಟೆಪ್ಪನವರ ಶೆಡ್ಡಿಗೆ ಹೋಗುತ್ತದೆ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಚಾವಣಿ, ನೀರಿನ ಟಾಕಿಯ ಕಾಲು, ಎಲ್ಲ ತಯಾರಾಗುವುದು ಅಲ್ಲೇ. ಓವರ್‌ಸಿಯರರು, ಗುತ್ತಿಗೆದಾರರು ಅಲ್ಲೇ ಕುಳಿತು ಲೆಕ್ಕ ಹಾಕುತ್ತಾರೆ. ಒಂದು ಸುಗ್ಗಿ ಕಳೆದು ಪುಸ್ತಕ ಮಸಿ ಮೆತ್ತಿಕೊಂಡು ಬಂದರೆ ಪಾಸು, ತೊಳೆದ ಮುತ್ತಿನಂತೆ ಬಂದರೆ ನಪಾಸು. "ಮಂದಿ ಸುಳ್ಳು ಹೇಳತಾರ, ಮಸಿ ಹೇಳಂಗಿಲ್ರಿ" ಎನ್ನುವುದು ಅವರ ನಂಬಿಕೆ. ಈ ನಂಬಿಕೆಯೇ ಇವತ್ತು ಅವರನ್ನು ಫಜೀತಿಗೆ ಸಿಕ್ಕಿಸಿದೆ.

ಆದದ್ದು ಇಷ್ಟು. ಸಿರಸಂಗಿಯ ಹುಡುಗ ಶಂಕರೆಪ್ಪ ಇಂಜಿನಿಯರಾಗಿ ಸವದತ್ತಿಗೆ ಬಂದಿದ್ದಾನೆ. ಸಂತೆ ಮೈದಾನಕ್ಕೊಂದು ದೊಡ್ಡ ಶೆಡ್ಡು ಆಗಬೇಕು, ಅದರ ಚಾವಣಿ ಹೊರುವ ಉಕ್ಕಿನ ಚೌಕಟ್ಟು ಅವನ ಬದುಕಿನ ಮೊದಲ ವಿನ್ಯಾಸ. ನಕಾಶೆ ಇಂದಿನ ಟಪಾಲಿಗೇ ಬೆಳಗಾವಿಗೆ ಹೋಗಬೇಕು. ಹೋದ ವಾರ ನಿಜಗುಣಪ್ಪ ಅವನಿಗೆ ಕೊಟ್ಟದ್ದು ಮಸಿ ಪರೀಕ್ಷೆಯಲ್ಲಿ ಪಾಸಾದ ಒಂದು ದಪ್ಪ ವಿಲಾಯತಿ ಹೊತ್ತಗೆ. ಮದ್ರಾಸಿನಿಂದ ಬಂದ ಇನ್ನೊಂದು ಸಣ್ಣ ಪುಸ್ತಕ ಶೆಡ್ಡಿನಿಂದ ಒಂದು ಚುಕ್ಕೆಯಿಲ್ಲದೆ ಮರಳಿತ್ತು. ಅದರ ಪ್ರತಿಗಳನ್ನೆಲ್ಲ ವಾಪಸು ಕಳಿಸಲು ಗಂಟು ಕಟ್ಟಿ ಬೈಲಹೊಂಗಲದ ತಮ್ಮ ಮನೆಯ ಪಡಸಾಲೆಯಲ್ಲಿಟ್ಟಿದ್ದಾರೆ.

ಶಟ್ಟೆಪ್ಪನವರ ಹೆಂಡತಿ ಸತ್ಯವ್ವ ಚಹಾ ತಂದಿಡುತ್ತ ಹೇಳುತ್ತಾರೆ: "ಯಣ್ಣಾ, ಆ ಸಣ್ಣ ಪುಸ್ತಕ ಒಯ್ದಿರಿ, ಚಲೋ ಆತು ನೋಡ್ರಿ. ಅದು ಬಂದಾಗಿಂದ ನಮ್ಮ ಮನಿಯವರು ದಿನಾ ಸಾಬಾಣ ಹಚ್ಚಿ ಕೈ ತೊಳದ ಮುಟ್ಟತಿದ್ರು. ಹಬ್ಬಕ್ಕಂತ ತಂದಿಟ್ಟ ಸಾಬಾಣ ಪೂರಾ ಕರಗಿ ಹೋತು!"

ನಿಜಗುಣಪ್ಪನವರ ಕೈಯ ಚಹಾ ಬಸಿ ತುಟಿಯ ಹತ್ತಿರವೇ ನಿಲ್ಲುತ್ತದೆ. "ಏನ್ ಶಟ್ಟೆಪ್ಪ, ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?" ಎನ್ನುತ್ತಾರೆ ಶಟ್ಟೆಪ್ಪ, ಹಲ್ಲುಜ್ಜುತ್ತಲೇ. "ಉಳದ ಪುಸ್ತಕದಾಗ ನಾಕ ಹಾಳಿ ಬೇಕಾಗತಿದ್ದುವು, ಅವ ನಾಕ ಕರ್ರಗಾದುವು. ಇದರಾಗ ಎಲ್ಲಾ ಹಾಳಿ ಬೇಕ್ರಿ. ಎಲ್ಲಾದಕ್ಕೂ ಎಣ್ಣಿ ಬಡದ್ರ ನೀವು ಯಾರಿಗೆ ಮಾರತಿದ್ರಿ?"

ಒಳ್ಳೆಯದನ್ನೇ ಮಾಡಲು ಹೋದವನನ್ನು ಬೈಯುವುದಾದರೂ ಹೇಗೆ? ನಿಜಗುಣಪ್ಪ ಚಹಾ ಅಲ್ಲೇ ಬಿಟ್ಟು, ಮನೆಗೆ ಓಡಿ ಗಂಟು ಬಿಚ್ಚಿ, ಒಂದು ಪ್ರತಿ ಕಂಕುಳಲ್ಲಿ ಅವುಚಿಕೊಂಡು ಸವದತ್ತಿ ಬಸ್ಸು ಹತ್ತುತ್ತಾರೆ. ದಾರಿಯುದ್ದಕ್ಕೂ ಅವರ ಜೀವ ಬಸ್ಸಿಗಿಂತ ಮುಂದೆ ಓಡುತ್ತದೆ. ಸಂತೆಯ ದಿನ ಆ ಶೆಡ್ಡಿನ ಕೆಳಗೆ ಬಾಯಿಪಲ್ಲೆ ಮಾರುವವರು, ಕೊಳ್ಳುವವರು, ಕೂಸು ಎತ್ತಿಕೊಂಡ ತಾಯಂದಿರು ಕಣ್ಣಿಗೆ ಕಟ್ಟುತ್ತಾರೆ. ತಾನು ಕೊಟ್ಟ ಪುಸ್ತಕ ನಂಬಿ ಲೆಕ್ಕ ತಪ್ಪಿದ್ದರೆ ಎಂದು ಹೆದರಿಕೆಯಾಗುತ್ತದೆ.

ಕಚೇರಿಯಲ್ಲಿ ಶಂಕರೆಪ್ಪ ನಕಾಶೆ ಸುತ್ತಿ ಲಕೋಟೆಗೆ ಹಾಕುವುದರಲ್ಲಿದ್ದಾನೆ. ಸಣ್ಣ ಪುಸ್ತಕ ನೋಡಿ ಅವನಿಗೆ ಮನಸ್ಸೇ ಇಲ್ಲ. "ಕಾಕಾ, ದಪ್ಪ ಪುಸ್ತಕ ಮೇಜಿನ ಮ್ಯಾಲ ಇದ್ರ ಗುತ್ತಿಗೆದಾರ ಅಂಜತಾನ್ರಿ. ಇದನ್ನ ನೋಡಿ ಯಾರ ಅಂಜತಾರ?"

"ಅಂಜಸಾಕ ಅದನ್ನ ಇಟ್ಕೋರಿ ಸಾಹೇಬ್ರ. ಲೆಕ್ಕ ಇದರಾಗ ಮಾಡ್ರಿ. ಕೈ ಮುಗೀತೇನಿ, ಒಂದ ಸಲ ತಾಳೆ ನೋಡ್ರಿ. ಟಪಾಲಿನವಗ ನಾ ಚಾ ಕುಡಿಸಿ ಕುಂದರಸತೇನಿ."

ಶಂಕರೆಪ್ಪ ನಗುತ್ತಲೇ ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ. ವಿಲಾಯತಿ ಹೊತ್ತಗೆಯ ಲೆಕ್ಕವೆಲ್ಲ ಇಂಚಿನದು, ಈಗ ಪೇಟೆಯಲ್ಲಿ ಸಿಗುವ ಉಕ್ಕು ಮಿಲಿಮೀಟರಿನದು. ಕಾಲಿಂಚು ದಪ್ಪದ ಪಟ್ಟಿಯ ಬಲ ನಂಬಿ, ಅದರ ಬದಲು ಆರು ಮಿಲಿಮೀಟರಿನದನ್ನು ಬರೆದಿದ್ದಾನೆ. ಅದು ತುಸುವೇ ತೆಳು. ಆದರೆ ಜೋರು ಗಾಳಿ ಬೀಸಿದಾಗ ಚಾವಣಿಯ ಒಂದು ಕಡೆ ಆ ತುಸುವೇ ಕಡಿಮೆ ಬೀಳುತ್ತದೆ. ಸಣ್ಣ ಪುಸ್ತಕದಲ್ಲಿ ಪೇಟೆಯ ಉಕ್ಕಿನದೇ ಅಳತೆಗಳಿವೆ. ಅವನು ಪೆನ್ಸಿಲ್ ಚೂಪು ಮಾಡಿ ಎರಡು ಕಡೆ ತಿದ್ದುತ್ತಾನೆ, ಇನ್ನೊಮ್ಮೆ ತಾಳೆ ನೋಡುತ್ತಾನೆ, ಲಕೋಟೆ ಅಂಟಿಸುತ್ತಾನೆ. ಆಮೇಲೆ ಎದ್ದು ಬಂದು ನಿಜಗುಣಪ್ಪನವರ ಎರಡೂ ಕೈ ಹಿಡಿದುಕೊಳ್ಳುತ್ತಾನೆ.

ಮಸಿ ಪರೀಕ್ಷೆ ಇಂದಿಗೆ ಮುಗಿಯಿತೇ? ನಿಜಗುಣಪ್ಪ ಇಲ್ಲವೆಂದು ತಲೆಯಾಡಿಸುತ್ತಾರೆ. "ಮಸಿನೂ ನೋಡೂದ, ಮುಟ್ಟಿದವನನ್ನೂ ಕೇಳೂದ. ಇಷ್ಟ ದಿನ ಪುಸ್ತಕ ಮೂಸಿದೆ, ಮನಶ್ಯಾನ್ನ ಮಾತಾಡಸಲಿಲ್ಲ."

ಇನ್ನೇನು ಆಸೆ ಎಂದರೆ ಒಂದೇ. ಆ ಶೆಡ್ಡು ಎದ್ದು ನಿಂತ ಮೇಲೆ ಒಂದು ಮಳೆಗಾಲದ ಸಂತೆಯ ದಿನ, ಗಾಳಿ ಜೋರಿದ್ದಾಗ, ಅದರ ನಟ್ಟನಡುವೆ ಟ್ರಂಕಿನ ಮೇಲೆ ಕೂರಬೇಕಂತೆ.

ಸೋರಿದರೋ ಎಂದು ಶಂಕರೆಪ್ಪ ಕಿಚಾಯಿಸುತ್ತಾನೆ.

"ಸೋರಿದ್ರ ಮ್ಯಾಲ ತಗಡ ಹೊಡದವನ ತಪ್ಪು. ಬಿದ್ರ ನಂದು."